ಅಕ್ಕನ ಕತೆಗೆ ನಾನು ಹಾಕಿದ ಕೊನೆ

ಅಕ್ಕ ಹೇಳಿದ ಕತೆಯ ಕೊನೆಯನ್ನು ನಾನು ಅವಳು ಹೇಳಿದಂತೆ ಬರೆಯಲಿಲ್ಲ. ಅವಳ ಎಡಗೈ ಹೆಬ್ಬೆರಳು ಚಿಪ್ಪಿನಿಂದ ಕೊಬ್ಬರಿ ಎಬ್ಬಿಸುವ ಚಾಕುವಿಗೆ ಸಿಕ್ಕಿ ಸಿಕ್ಕಿ ಅಡ್ಡಡ್ಡ ಸೀಳಿತ್ತು. ಆ ಕೈಗಳಿಗೆ ಎಲ್ಲ ಕೆಲಸವೂ ಬರುತ್ತಿತ್ತು, ಅಕ್ಷರ ಮಾತ್ರ ಬರುತ್ತಿರಲಿಲ್ಲ. ನಾನು ಏಳನೇ ಕ್ಲಾಸು ಓದಿದ್ದೆ. ಅದಕ್ಕೇ ನನ್ನನ್ನು ನಂಬಿದಳು.

ತೊಂಬತ್ತರ ದಶಕದ ಕೊನೆ. ಕುಣಿಗಲ್ಲಿನ ಗಂಡನ ಮನೆ ಬಿಟ್ಟು ಬಂದ ಅಕ್ಕ ಗುಬ್ಬಿಯಲ್ಲಿ ಒಂದು ಕೋಣೆ ಹಿಡಿದು ಕೊಬ್ಬರಿ ಶೆಡ್ಡಿಗೆ ಹೋಗುತ್ತಿದ್ದಳು. ನಾನು ತುಮಕೂರಿನ ಅಂತರಸನಹಳ್ಳಿಯ ವರ್ಕ್‌ಶಾಪೊಂದರಲ್ಲಿದ್ದೆ. ರಜೆಯ ದಿನ ನೋಡಲು ಹೋದರೆ, ಶೆಡ್ಡಿನ ಹೆಂಗಸರು ಕೆಲಸ ಮಾಡುತ್ತಲೇ ತಮ್ಮ ಸಂಕಟ ಹೇಳಿಕೊಳ್ಳುತ್ತಿದ್ದರು. ಅಕ್ಕ ಎಲ್ಲರನ್ನೂ ಕೇಳುತ್ತಿದ್ದುದು ಒಂದೇ: "ಆಗ ನಿನ್ ಕೈಲಿ ಏನಿತ್ತು?"

ಅತ್ತೆ ಸತ್ತ ದಿನ ನೆನೆದು ಕಣ್ಣೊರೆಸಿಕೊಳ್ಳುತ್ತಿದ್ದ ಒಬ್ಬಳು ಒಮ್ಮೆ ತಡವರಿಸಿದಳು. "ಕೈಲಾ? ಅರ್ಧ ಮುದ್ದೆ ಇತ್ತು ಕಣಕ್ಕ. ತಿಂದ್ಬುಟ್ಟೇ ಅಳಕ್ಕೋದೆ." ಶೆಡ್ಡೆಲ್ಲ ನಕ್ಕಿತು, ಅವಳೂ ನಕ್ಕಳು. ಅಕ್ಕ ನನ್ನ ಕಡೆ ತಿರುಗಿ, "ನೋಡ್ದೇನ್ಲಾ, ಅಲ್ಲೈತೆ ಕತೆ," ಎಂದಳು.

ಒಂದು ದಿನ ತನ್ನದೇ ಕತೆ ಹೇಳಿ ನನ್ನ ಕೈಲಿ ಬರೆಸಿದಳು. ಗಂಡನ ಮನೆ ಬಿಟ್ಟ ಹೆಂಗಸೊಬ್ಬಳು ಕುಣಿಗಲ್ ಕೆರೆ ಏರಿಯ ಮೇಲೆ ಚಪ್ಪಲಿ ಕಳಚುತ್ತಾಳೆ. ಹಾರಿಬಿಡುತ್ತಾಳೆಂದು ಜನ ಕೂಗಿಕೊಳ್ಳುತ್ತಾರೆ. ಅವಳು ಇಳಿದು ಕಾಲು ತೊಳೆದು, ಮತ್ತೆ ಚಪ್ಪಲಿ ಮೆಟ್ಟಿ ತುಮಕೂರು ಬಸ್ಸು ಹತ್ತುತ್ತಾಳೆ.

"ಕೊನೆಗೆ ಏನೂ ಆಗ್ಲೇ ಇಲ್ವಲ್ಲಕ್ಕ?"

"ಕೆರೆಗ್ ಬೀಳ್ಲಿ, ಇಲ್ಲ ಮನೇಗೋಗ್ಲಿ ಅಂತ ಎಲ್ರೂ ಕಾಯ್ತಾ ಅವ್ರೆ ಕಣ್ಲಾ. ಅವ್ಳು ಎರಡೂ ಮಾಡ್ಲಿಲ್ಲ. ಎರಡ್ ವರ್ಷದಿಂದ ಅದ್ನೇ ಹುಡುಕ್ತಿದ್ದೆ, ಈಗ ಸಿಕ್ತು."

ಆ ತಿಂಗಳೇ ಊರ್ಡಿಗೆರೆಯಲ್ಲಿ ನನಗೆ ಹೆಣ್ಣು ನೋಡಿದ್ದೆವು. "ನಿಮ್ಮಕ್ಕ ಗಂಡನ ಮನೆಗೆ ಯಾವಾಗ ಹೋಗ್ತಾರೆ?" ಎಂದು ಹೆಣ್ಣಿನ ತಂದೆ ಕೇಳಿದ್ದರು. ಪತ್ರಿಕೆಗೆ ಕಳಿಸಲು ಶುದ್ಧ ಪ್ರತಿ ಮಾಡುವಾಗ ನನ್ನ ಪೆನ್ನು ಆ ಪ್ರಶ್ನೆಗೆ ಉತ್ತರ ಬರೆಯಿತು. ಗಂಡ ಏರಿಯ ಮೇಲೆ ಓಡಿಬಂದ, ಅವಳು ಕಣ್ಣೊರೆಸಿಕೊಂಡು ಅವನ ಹಿಂದೆ ಮನೆಗೆ ನಡೆದಳು. ತುಮಕೂರಿನ ವಾರಪತ್ರಿಕೆಯೊಂದರಲ್ಲಿ ಅದು ಅಕ್ಕನ ಹೆಸರಿನಲ್ಲೇ ಅಚ್ಚಾಯಿತು.

ನಾನು ಹೋಗಿದ್ದ ದಿನವೇ ಶೆಡ್ಡಿನಲ್ಲಿ ಯಾರೋ ಓದಿ ಹೇಳಿದರು. ಅಕ್ಕ ಚಾಕು ಕೆಳಗಿಟ್ಟಳು. "ಪೇಪರ್‌ನೋರು ಬದಲಾಯ್ಸಿರ್ಬೇಕು," ಎಂದೆ. "ಹಂಗಾರೆ ನಡಿ, ಕೇಳಾನ," ಎಂದು ನನ್ನನ್ನೇ ಪತ್ರಿಕೆ ಕಚೇರಿಗೆ ಎಳೆದುಕೊಂಡು ಹೋದಳು.

ಸಂಪಾದಕರು ಹಸ್ತಪ್ರತಿ ತೆಗೆದು ನೋಡಿ, "ನಾವು ಒಂದಕ್ಷರ ಮುಟ್ಟಿಲ್ಲಮ್ಮ," ಎಂದರು. ಅಕ್ಕ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

"ಸರಿ, ತಪ್ಪಾಗೈತೆ ಅಂತ ಮುಂದಿನ್ ವಾರ ಹಾಕಿ."

"ಕತೆಗೆಲ್ಲ ತಿದ್ದುಪಡಿ ಹಾಕಲ್ಲಮ್ಮ."

"ಸತ್ತೋರ ಹೆಸ್ರು ತಪ್ಪಾದ್ರೆ ಹಾಕ್ತೀರಿ. ಬದ್ಕಿರೋಳ್ದು ಯಾಕಾಗಲ್ಲ?"

ಅವರು ಹಾಳೆ, ಪೆನ್ನು ನನ್ನತ್ತ ತಳ್ಳಿದರು. "ಬರೆದವರು ತಪ್ಪಾಯ್ತು ಅಂತ ಬರ್ಕೊಡ್ಲಿ. ಹಾಕ್ತೀನಿ."

"ಬಸ್ಸಿಗೆ ಹೊತ್ತಾಯ್ತು," ಎಂದು ನಾನು ಎದ್ದೆ.

ಗುಬ್ಬಿಗೆ ಬಿಡಲು ನಾನೂ ಹೋದೆ, ಬಸ್ಸಿನಲ್ಲಿ ಅಕ್ಕ ಬೇರೆ ಸೀಟಿನಲ್ಲಿ ಕುಳಿತಳು. ಮುಂದಿನ ವಾರವೇ ವಯಸ್ಕರ ಸಾಕ್ಷರತೆ ತರಗತಿಗೆ ಸೇರಿದಳು. "ನಿನ್ ಕೈ ಸಾಕು, ನನ್ ಕೈಲೇ ಬರೀತೀನಿ," ಎಂದಳು. ಬರೆದಳು ಕೂಡ. ಹಾಳೆಗೆ ಆರೇ ಸಾಲು ಹಿಡಿಯುವಷ್ಟು ದಪ್ಪ ಅಕ್ಷರ. ಮುಂದಿನ ವರ್ಷಗಳಲ್ಲಿ ಅವಳ ಮೂರು ಕತೆಗಳು ಅಚ್ಚಾದವು. ಒಂದರಲ್ಲೂ ಯಾರೂ ತಲೆ ತಗ್ಗಿಸಲಿಲ್ಲ.

ನನ್ನ ಮಗಳ ನಾಮಕರಣದ ದಿನ ಊರ್ಡಿಗೆರೆಯಲ್ಲಿ ಊಟಕ್ಕೆ ಕುಳಿತಿದ್ದೆವು. ಮಾವ ಪಂಕ್ತಿಗೆಲ್ಲ ಕೇಳುವಂತೆ ಅಕ್ಕನಿಗೆ ಹೇಳಿದರು: "ನಿಮ್ ಆ ಕತೆ ಓದೇ ನಾವು ಹೆಣ್ ಕೊಟ್ಟಿದ್ದು ಕಣಮ್ಮ. ಎಂಥಾ ಕೊನೆ! ಬರ್ದೋರೇ ಹಂಗೆ ನಡ್ಕೊಳ್ಲಿಲ್ಲ ನೋಡಿ."

ಕೆಲವರು ನಕ್ಕರು. ಅಕ್ಕ ಅನ್ನ ಕಲೆಸುತ್ತಲೇ, "ಅದು ನನ್ ಕೊನೆ ಅಲ್ಲ ಯಜಮಾನ್ರೇ," ಎಂದಳು.

"ಮತ್ತೆ ಯಾರ್ದು?"

ಅಕ್ಕ ತುತ್ತು ಬಾಯಿಗಿಟ್ಟುಕೊಂಡಳು. ಅಷ್ಟು ಜನರ ಮುಂದೆ ನನ್ನನ್ನು ಬಿಟ್ಟುಕೊಡಲು ಅವಳಿಗೆ ಮನಸ್ಸಿರಲಿಲ್ಲ. ನಾನು ಎಂಜಲು ಕೈಯಲ್ಲೇ ಎದ್ದು ನಿಂತೆ. ಹೆಂಡತಿ ಪಂಚೆ ಜಗ್ಗಿದಳು. ಕೂರಲಿಲ್ಲ.

"ನಂದು. ಅವ್ಳು ಬಸ್ ಹತ್ತಿ ಬಂದ್ಲು ಅಂತ ಅಕ್ಕ ಹೇಳಿದ್ಲು. ನೀವು ಹೆಣ್ ಕೊಡಲ್ಲ ಅಂತ ಹೆದ್ರಿ ನಾನೇ ಬದಲಾಯ್ಸ್ದೆ," ಎಂದೆ. ಆಮೇಲೆ ಅಕ್ಕನ ಕಡೆ ತಿರುಗಿದೆ. "ತಪ್ಪಾಯ್ತಕ್ಕ. ನೀನು ವಾಪಸ್ ಹೋಗ್ಲಿಲ್ಲ. ಹೋಗ್ಬೇಕಾಗೂ ಇರ್ಲಿಲ್ಲ."