ಲೋಟದ ಅಂಚಿನ ಎಣ್ಣೆ

ಮಕ್ಕಳೇ, ನಿಮ್ಮಲ್ಲಿ ಹಿರಿಯವಳು ಫಾರ್ಮಸಿ ಓದುತ್ತಿದ್ದಾಳಲ್ಲ, ಕಳೆದ ರಜೆಯಲ್ಲಿ ಅವಳು ಕಾಸರಗೋಡಿನ ನಮ್ಮ ಬಾಡಿಗೆ ಮನೆಗೆ ಬಂದಾಗ ಎರಡು ಸಣ್ಣ ಕುಪ್ಪಿ ತಂದಿದ್ದಳು. ಒಂದರಲ್ಲಿ ನೀರಿನ ಮೇಲೆ ಎಣ್ಣೆ ನಿಂತಿತ್ತು. ಇನ್ನೊಂದರಲ್ಲಿದ್ದುದು ಅಕ್ಕಿ ತೊಳೆದ ಎರಡನೆಯ ನೀರಿನಂತೆ ತೆಳು ಬಿಳಿ.

"ಎರಡರಲ್ಲೂ ಅದೇ ಎಣ್ಣೆ, ಅದೇ ನೀರು ಅಜ್ಜಿ. ಈ ಬಿಳಿಯದಕ್ಕೆ ಮಾತ್ರ ಸಕ್ಕರೆಯಿಂದ ಮಾಡಿದ ಒಂದು ನಮೂನೆಯ ಸಾಬೂನು ಸೇರಿಸಿದ್ದೇವೆ."

"ರೋಗಿಗೆ ಸಾಬೂನು ಕುಡಿಸುವುದಾ ಮಾರಾಯ್ತಿ?"

"ಬಟ್ಟೆ ಒಗೆಯುವ ಸಾಬೂನಲ್ಲ. ನೀವು ತಲೆಗೆ ಹಾಕುವ ಅಂಟುವಾಳ ಉಂಟಲ್ಲ, ಅದೇ ಉಪಾಯ. ಒಂದು ತುದಿ ಸಕ್ಕರೆ, ಅದು ನೀರಿಗೆ ಒಗ್ಗುತ್ತದೆ. ಇನ್ನೊಂದು ತುದಿ ಎಣ್ಣೆಯನ್ನು ಹಿಡಿಯುತ್ತದೆ. ಎಣ್ಣೆಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಹನಿ ಮಾಡಿದ ಮೇಲೆ, ಆ ಹನಿಗಳು ಪುನಃ ಒಂದಾಗಲಿಕ್ಕೆ ಇದು ಬಿಡುವುದಿಲ್ಲ. ಎಣ್ಣೆಯಲ್ಲಿ ಕರಗುವ ಮದ್ದು ಹೀಗೆ ಕೊಟ್ಟರೆ ಮೈಗೆ ಬೇಗ ಹಿಡಿಯುತ್ತದೆ."

ಅದಕ್ಕೆ ನ್ಯಾನೊ ಎಮಲ್ಷನ್ ಎಂದು ಹೆಸರಂತೆ. ನಾನು ಮೊದಲ ಕುಪ್ಪಿಯನ್ನೇ ನೋಡುತ್ತಿದ್ದೆ.

ನಿಮ್ಮ ಅಜ್ಜ ಹಾಸಿಗೆ ಹಿಡಿದ ವರ್ಷ ಡಾಕ್ಟರು ಎಣ್ಣೆಯಂಥ ಹಳದಿ ಮದ್ದು ಕೊಟ್ಟಿದ್ದರು, ಚಮಚದಲ್ಲಿ ಕುಡಿಸಲು. ಜಿಡ್ಡು ಗಂಟಲಿಗೆ ಅಂಟಿ ಅಜ್ಜನಿಗೆ ಓಕರಿಕೆ ಬರುತ್ತಿತ್ತು. ಆ ಕಷ್ಟ ನೋಡಲಾರದೆ ಮದ್ದನ್ನು ಬಿಸಿನೀರಿಗೆ ಹಾಕಿ ಕದಡಿ ಕೊಡತೊಡಗಿದೆ. ಚಮಚ ತೆಗೆಯುವಷ್ಟರಲ್ಲಿ ಅದು ಮೇಲೆ ಬಂದು ನಿಲ್ಲುತ್ತಿತ್ತು. ಅವರು ಕುಡಿದು ಕೊಟ್ಟ ಲೋಟದ ಒಳಗೆ ಬಳೆಯಂತೆ ಹಳದಿ ಎಣ್ಣೆ ಅಂಟಿರುತ್ತಿತ್ತು. ತಲೆಗೆಂದು ನೆನೆಸಿಟ್ಟ ಅಂಟುವಾಳದ ನೀರಿನಿಂದ ಅದನ್ನು ತೊಳೆಯುತ್ತಿದ್ದೆ. ಎಷ್ಟು ಮದ್ದು ಬಚ್ಚಲಿಗೆ ಹೋಯಿತೆಂದು ನನಗೊಬ್ಬಳಿಗೇ ಗೊತ್ತು.

ಒಮ್ಮೆ ಡಾಕ್ಟರು ಮಲಯಾಳದಲ್ಲಿ, ಮದ್ದೆಲ್ಲ ಸರಿಯಾಗಿ ಕೊಡುತ್ತೀರಲ್ಲ ಎಂದು ಕೇಳಿದರು. ಆ ಭಾಷೆ ನನಗೆ ತಿಳಿಯುತ್ತದೆ, ಮಾತಾಡಲು ನಾಲಗೆ ಏಳುವುದಿಲ್ಲ. ಅವರಿಗೆ ತಿಳಿಯುವ ಕನ್ನಡದಲ್ಲೇ ಹೇಳಬಹುದಿತ್ತು. ಆದರೆ ಮದುವೆಯಾದಂದಿನಿಂದ ಹೊರಗಿನವರೊಡನೆ ಮಾತಾಡುವುದು ನಿಮ್ಮ ಅಜ್ಜನ ಕೆಲಸವಾಗಿತ್ತು. ನಾನು ತಲೆಯಾಡಿಸಿದೆ. ಅಜ್ಜ ನನ್ನ ಮುಖ ನೋಡಿದರು. ಆಮೇಲೆ ಅವರೂ ತಲೆಯಾಡಿಸಿದರು. ಆ ವರ್ಷದ ಮಳೆಗಾಲಕ್ಕೆ ಅವರಿರಲಿಲ್ಲ.

"ಹೀಗೆ ತೇಲುವ ಮದ್ದು ಲೋಟದಲ್ಲೇ ಉಳಿದರೆ ಎಂತ ಆಗುತ್ತದೆ?" ಎಂದು ಮೊಮ್ಮಗಳನ್ನು ಕೇಳಿದೆ.

"ಹೊಟ್ಟೆಗೆ ಹೋಗದ ಮದ್ದು ಎಂತ ಮಾಡೀತು? ಯಾಕೆ ಅಜ್ಜಿ?"

"ಸುಮ್ಮನೆ," ಎಂದೆ.

ಅಂದು ಒಂದು ಮಾತು ಹೇಳಿದ್ದರೆ ಡಾಕ್ಟರು ಬೇರೆ ಮದ್ದು ಕೊಡುತ್ತಿದ್ದರೋ, ಕೊಟ್ಟರೂ ಅಜ್ಜ ಉಳಿಯುತ್ತಿದ್ದರೋ, ನನಗೆ ತಿಳಿಯದು. ಇನ್ನು ತಿಳಿಯುವ ದಾರಿಯೂ ಇಲ್ಲ.

ಅವಳು ಹೊರಡುವಾಗ ಮೊದಲ ಕುಪ್ಪಿಯನ್ನು ಕೇಳಿ ಇಟ್ಟುಕೊಂಡೆ. ಬೆಳಿಗ್ಗೆ ಮಗ, ಸೊಸೆ ಕೆಲಸಕ್ಕೆ ಹೋದರೆ ಸಂಜೆಯವರೆಗೆ ಮನೆಯಲ್ಲಿ ಮಾತಿಲ್ಲ. ಕುಪ್ಪಿಯನ್ನು ಕುಲುಕಿ ಕಿಟಕಿಯ ಹತ್ತಿರ ಇಡುತ್ತೇನೆ. ಬೆಳ್ಳಗಾಗುತ್ತದೆ. ಸ್ವಲ್ಪ ಹೊತ್ತಿಗೆ ಎಣ್ಣೆ ಮೇಲೆ ಬರುತ್ತದೆ.

ಬಾಯಿ ಬಿಟ್ಟು ಹೇಳಲು ನನ್ನಿಂದ ಆಗಲಿಲ್ಲ, ಅದಕ್ಕೇ ಬರೆದಿಟ್ಟಿದ್ದೇನೆ. ಹಿರಿಯವಳು ಅಂದು "ಯಾಕೆ ಅಜ್ಜಿ" ಎಂದು ಕೇಳಿದ್ದಳಲ್ಲ, ನಾನು ಹಾಗೆ ಕೇಳಿದ್ದು ಇದಕ್ಕೆ.