ಸ್ಪಷ್ಟ ಎಂದ ಸಾಲು

ಯಾದ್ವಿಗಾಗೆ ಪ್ರೊಫೆಸರ್ ಪದವಿ ಬರಬೇಕಾದದ್ದು ಯಾವತ್ತೋ. ವಾರ್ಸಾದ ನಮ್ಮ ಗಣಿತ ಸಂಸ್ಥೆಯ ಒಂದೇ ಕೋಣೆಯಲ್ಲಿ ಕೂತು ಅವಳಿಗೂ ನನಗೂ ತಲೆ ನರೆಯಿತು. ಅವಳಿನ್ನೂ ಬರೀ ಡಾಕ್ಟರ್.

ಒಂದು ಚುಕ್ಕಿಯನ್ನು ಸಾಕಷ್ಟು ಕಾಲ ಅಲೆಯಲು ಬಿಟ್ಟರೆ ಇಡೀ ಜಾಗದ ಗುಣ ಅದರ ಅಲೆದಾಟದಲ್ಲೇ ಸಿಗುತ್ತದೆ ಎನ್ನುವ ಗಣಿತ ಅವಳದು. ಅದನ್ನೇ ಹಿಡಿದು, ತಮ್ಮದೇ ಪುಟ್ಟ ಪ್ರತಿಗಳಿಂದ ಕೂಡಿದ ಮುರುಕು ಆಕೃತಿಗಳನ್ನು ಅಳೆಯುವ ಪ್ರಮೇಯವೊಂದನ್ನು ಹರೆಯದಲ್ಲೇ ಸಾಧಿಸಿದ್ದಳು. ಆಮೇಲಿನ ಸಂಶೋಧನೆಯೆಲ್ಲ ಅದರ ಮೇಲೇ ನಿಂತಿತ್ತು. ಪಾಠ, ಪರೀಕ್ಷೆ, ಕಾಯಿಲೆಯ ತಾಯಿ, ಮತ್ತೆ ಪಾಠ ಅಂತ ವರ್ಷಗಳು ಸರಿದವು. ಅಂತೂ ಇಂತೂ ಈ ವರ್ಷ ಅವಳ ಅರ್ಜಿ ಕೊನೆಯ ಸಮಿತಿ ಮುಟ್ಟಿತ್ತು. ಬಂದರೆ ಬರಲಿ, ಕಾದೂ ಕಾದೂ ಸಾಕಾಗಿದೆ ಅನ್ನುತ್ತಿದ್ದಳು. ಸುಳ್ಳು. ಅಂಚೆ ಬಂದಾಗಲೆಲ್ಲ ಮೊದಲು ಏಳುತ್ತಿದ್ದವಳು ಅವಳೇ.

ಅಕ್ಟೋಬರಿನಲ್ಲಿ ಅವಳ ಹೆಸರಿನ ಹಬ್ಬ; ನಮ್ಮ ಕಡೆ ತನ್ನ ಹೆಸರಿನ ಸಂತರ ದಿನವನ್ನು ಹುಟ್ಟುಹಬ್ಬದಂತೆ ಆಚರಿಸುತ್ತಾರೆ. ರೂಢಿಯಂತೆ ತಾನೇ ಚೀಸ್ ಕೇಕ್ ತಂದಿಟ್ಟು, ಸೆಮಿನಾರಿನಲ್ಲಿ ಹಳೆಯ ಪ್ರಮೇಯ ವಿವರಿಸಲು ನಿಂತಳು. ನಮ್ಮಲ್ಲೊಂದು ಕಟ್ಟಳೆ: ಯಾರಾದರೂ 'ಸ್ಪಷ್ಟ' ಅಂದರೆ ಅಲ್ಲೇ ಸಾಧಿಸಿ ತೋರಿಸಬೇಕು. ಆಕೃತಿಯ ಚೂರುಗಳು ಒಂದರ ಮೇಲೊಂದು ಏರುವುದಿಲ್ಲ, ಅದು ಸ್ಪಷ್ಟ ಅಂದುಬಿಟ್ಟಳು. ಎಲ್ಲರೂ ನಗುತ್ತ ಬೆಂಚು ಕುಟ್ಟಿದೆವು. ಅವಳೂ ನಕ್ಕು ಸೀಮೆಸುಣ್ಣ ಎತ್ತಿದಳು.

ಎರಡು ಸಾಲು ಬರೆದು ನಿಂತಳು. ಅಳಿಸಿದಳು, ಮತ್ತೆ ಬರೆದಳು. ಚೂರುಗಳು ಹೆಂಚಿನ ಹಾಗೆ ಒಂದರ ಮೇಲೊಂದು ಏರಿ ಕೂರಬಲ್ಲವೆಂದು ಆಗ ನಮಗೂ ಕಂಡಿತು. ಏರಿದರೆ ಪ್ರಮೇಯವೇ ಇಲ್ಲ. ಸೆಮಿನಾರು ನಡೆಸುವ ಸೆವೆರಿನ್ ಕೆಮ್ಮಿ, ಕೇಕ್ ಕಾಯುತ್ತಿದೆ, ಉಳಿದದ್ದು ಮುಂದಿನ ವಾರ ನೋಡೋಣ ಅಂದ. ಸಮಿತಿ ಸೇರುವುದು ಸೋಮವಾರ. ಅವನ ಇಂಗಿತ ಎಲ್ಲರಿಗೂ ತಿಳಿಯಿತು.

"ಬೇಡ ಬಿಡು ಸೆವೆರಿನ್. ತಪ್ಪಿದೆ," ಅಂದಳು.

ಒದ್ದೆ ಸ್ಪಂಜಿನಲ್ಲಿ ಹಲಗೆ ಪೂರ್ತಿ ಒರೆಸಿ, ಕೇಕ್ ಕತ್ತರಿಸಿ ಹಂಚಿದಳು.

ಕೋಣೆಗೆ ಬಂದವಳೇ ಅರ್ಜಿ ವಾಪಸು ಪಡೆಯುವ ಪತ್ರ ಬರೆಯಲು ಕೂತಳು. ನನಗೆ ಸಿಟ್ಟು ಬಂತು, ಅದಕ್ಕಿಂತ ಸಂಕಟವಾಯಿತು.

"ಸೋಮವಾರದ ತನಕ ಬಾಯ್ಮುಚ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು ಮಾರಾಯ್ತಿ?"

"ಆಮೇಲೆ ದಿನಾ ನೀವೆಲ್ಲ ಪ್ರೊಫೆಸರ್ ಅಂತ ಕರೀತೀರಲ್ಲ ಲೆಷೆಕ್. ಕರೆದಾಗೆಲ್ಲ ತಿರುಗಿ ನೋಡ್ಬೇಕು. ಅಷ್ಟು ಶಕ್ತಿ ನನ್ನಲ್ಲಿಲ್ಲ ಕಣೋ."

ಆರಿದ ಟೀ ಕುಡಿದು ಮಧ್ಯಾಹ್ನದ ಪಾಠಕ್ಕೆ ಹೊರಟಳು. ನಾನೂ ಜೊತೆಗೆ ಇಳಿದೆ. ಬಾಗಿಲು ಕಾಯುವ ಮುದುಕನಿಗೆ ಯಾವ ಸುದ್ದಿಯೂ ತಿಳಿದಿರಲಿಲ್ಲ. ಎದ್ದು ನಿಂತು, ಹಬ್ಬದ ಶುಭಾಶಯ ಪ್ರೊಫೆಸರಮ್ಮ, ಇನ್ನೇನು ಬಂದೇಬಿಡ್ತಲ್ಲ ಅಂದ.

"ಡಾಕ್ಟರ್ ಅಂದ್ರೆ ಸಾಕಪ್ಪ," ಅಂದಳು ಯಾದ್ವಿಗಾ, ಉಳಿದ ಕೇಕನ್ನು ಅವನ ಮೇಜಿನ ಮೇಲಿಡುತ್ತ.