ಏನೂ ಸಿಗಬಾರದೆಂಬ ಹರಕೆ

ದೇವರಲ್ಲಿ ಏನೇನೋ ಕೇಳುವವರನ್ನು ನೋಡಿದ್ದೇನೆ. ನೆಲ ಅಗೆದಾಗ ಏನೂ ಸಿಗಬಾರದು ಎಂದು ಹರಕೆ ಹೊತ್ತವಳು ನಮ್ಮ ಕಾಕು ಒಬ್ಬಳೇ ಇರಬೇಕು. ಅದೂ ಜೇಜುರಿಯ ಖಂಡೋಬ ದೇವರಿಗೆ!

ಕಾಕು ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ. ಮದುವೆಯಾಗಿ ಧಾರವಾಡದಿಂದ ಬಂದವಳು ಪುಣೆಯ ಹಳೇ ಪೇಟೆಯ ಒಂದು ವಾಡೆಯಲ್ಲೇ (ಅಂಗಳದ ಸುತ್ತ ಹತ್ತಾರು ಬಾಡಿಗೆ ಸಂಸಾರ) ಬದುಕು ಸವೆಸಿದಳು. ಈಗ ವಾಡೆ ಕೆಡವಿದ್ದಾರೆ. ಅಲ್ಲೇ ಅಪಾರ್ಟ್‌ಮೆಂಟ್ ಎದ್ದು, ಕಾಕುವಿಗೂ ಒಂದು ಫ್ಲ್ಯಾಟ್ ಬರಬೇಕು. ಅಲ್ಲಿಯವರೆಗೆ ಊರಾಚೆ ದೂರದ ತಳೇಗಾಂವದಲ್ಲಿ ಬಾಡಿಗೆ ಮನೆ. "ಇಲ್ಲಿ ಬಾಗಲಾ ತಗದು ನಿಂತರ ಮಾತಾಡ್ಸೋ ಒಂದು ಮುಖ ಇಲ್ಲಪಾ" ಎಂದು ಫೋನಿನಲ್ಲಿ ದಿನವೂ ಗೋಳು.

ಅಷ್ಟರಲ್ಲಿ ಪುರಾತತ್ವದವರು ಬಂದರು. ಪಾಯ ತೋಡುವ ಮೊದಲು ನೆಲದಡಿ ಏನಿದೆ ಎಂದು ನೋಡಬೇಕಂತೆ. ಊರಿನ ಅತಿ ಹಳೆಯ ಭಾಗವಲ್ಲವೇ? ಕೋಟೆ ಗೋಡೆಯೋ ಗುಡಿಯ ಕಂಬವೋ ಸಿಕ್ಕರೆ ಕೆಲಸ ಬಂದ್. ಹರಕೆ ಹುಟ್ಟಿದ್ದು ಹೀಗೆ. (ಇತಿಹಾಸದ ಮೇಲೆ ಆಗಾಗ ಭಾಷಣ ಬಿಗಿಯುವ ನಾನೂ ಒಳಗೊಳಗೇ ಅದನ್ನೇ ಬೇಡಿಕೊಂಡೆ.)

ಹೋದ ಭಾನುವಾರ ಕಾಕುವನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಹಳೇ ಬಾಡಿಗೆದಾರರೆಲ್ಲ ಗುಂಡಿಯ ಸುತ್ತ, ಆಪರೇಷನ್ ಥಿಯೇಟರಿನ ಹೊರಗಿನ ನೆಂಟರ ಹಾಗೆ ನಿಂತಿದ್ದರು. ಒಳಗೆ ಬ್ರಶ್ ಹಿಡಿದು ಕೂತಿದ್ದ ಸಂಶೋಧಕಿ ತಲೆಯೆತ್ತಿ ಮರಾಠಿಯಲ್ಲಿ ವಿವರಿಸಿದಳು. ಸಿಕ್ಕಿದ್ದು ಒಂದು ಅಡುಗೆ ಒಲೆ, ಬೂದಿ, ಒಡೆದ ಮಡಕೆ, ಬಳೆ ಚೂರು. ಈ ಭಾಗದಲ್ಲಿ ಇಂಥವು ಎಲ್ಲ ಕಡೆ ಸಿಗುತ್ತವೆ. ಫೋಟೋ ತೆಗೆದು, ಅಳತೆ ಬರೆದುಕೊಂಡು ಮುಚ್ಚುತ್ತೇವೆ, ನಿಮ್ಮ ಕೆಲಸ ನಿಲ್ಲುವುದಿಲ್ಲ ಎಂದಳು.

"ಕಾಹೀ ಸಾಪಡಲಂ ನಾಹೀ!" ಏನೂ ಸಿಗಲಿಲ್ಲ ಎಂದು ಯಾರೋ ಕೂಗಿದರು. ಚಪ್ಪಾಳೆಯೋ ಚಪ್ಪಾಳೆ. ಪೇಢೆ ಬಾಕ್ಸೂ ಬಂತು.

ಕಾಕು ಮಾತ್ರ ಗುಂಡಿಯ ಅಂಚಿಗೆ ಕುಕ್ಕರುಗಾಲಲ್ಲಿ ಕೂತುಬಿಟ್ಟಳು.

"ಮಣ್ಣು ಮೆತ್ತಿ ಮೆತ್ತಿ ಒಲಿ ಎಷ್ಟು ದಪ್ಪ ಆಗೇದ ನೋಡೋ. ಯಾವಾಕಿನೋ ಭಾಳ ವರ್ಷ ಇಲ್ಲೇ ರೊಟ್ಟಿ ಸುಟ್ಟಾಳ, ಪಾಪ. ಇದಕ್ಕ ಏನೂ ಸಿಗಲಿಲ್ಲ ಅಂತಾರೇನು?"

ರಾಜನೊಬ್ಬ ಒಂದು ರಾತ್ರಿ ತಂಗಿದ ಜಾಗವಾದರೆ ಬೋರ್ಡು, ಬೇಲಿ, ಟಿಕೆಟ್. ಹೆಂಗಸೊಬ್ಬಳು ಜನ್ಮವಿಡೀ ಅಡುಗೆ ಮಾಡಿದ ಜಾಗವಾದರೆ? ಹಾಗಂತ ಸಂಶೋಧಕಿಯನ್ನು ದೂರುವಂತಿಲ್ಲ. ಅವಳಾದರೂ ಅಳತೆ ಬರೆದುಕೊಂಡಳು. ಕಾಕುವಿನ ಅಡುಗೆಮನೆಯನ್ನು ಜೆಸಿಬಿ ಕೆಡವಿದ ದಿನ ಅದರದೊಂದು ಫೋಟೋ ತೆಗೆಯಬೇಕೆಂದು ನಮ್ಮಲ್ಲಿ ಯಾರಿಗೂ ಅನಿಸಿರಲಿಲ್ಲ.

ಹಾಗಾದರೆ ಕೆಲಸ ನಿಲ್ಲಬೇಕಿತ್ತೇ? ಖಂಡಿತ ಇಲ್ಲ. ಕಾಕು ಬೇಗ ತನ್ನ ಓಣಿಗೆ ವಾಪಸ್ ಬರಬೇಕು. ಆದರೂ ಆ ಚಪ್ಪಾಳೆ ಕೇಳಿ ನನಗೆ ಸಂಕಟವಾಯಿತು.

ಯಾರೋ ಕಾಕುವಿನ ಕೈಗೂ ಪೇಢೆ ಇಟ್ಟರು. ಅವಳು ಅದನ್ನು ಬಾಯಿಗೆ ಹಾಕಿಕೊಳ್ಳದೆ ನನ್ನ ಕಡೆ ತಿರುಗಿದಳು.

"ಮುಂದ ಒಂದಿನ ನನ್ನ ಅಡಿಗಿಮನಿ ಸಿಕ್ಕಾಗನೂ ಏನೂ ಸಿಗಲಿಲ್ಲಂತ ಹಿಂಗ ಪೇಢೆ ಹಂಚತಾರೇನೋ?"